‘ಏನೂ ಇಲ್ಲ’ ಎನ್ನುವ ಮಗಳು

ಪ್ರಶ್ನೆ: ಆರು ವರ್ಷದ ಮಗಳನ್ನು ‘ಇವತ್ತು ಶಾಲೆಯಲ್ಲಿ ಏನು ಕಲಿತೆ?’ ಎಂದು ಕೇಳಿದರೆ ದಿನವೂ ‘ಏನೂ ಇಲ್ಲ’ ಎನ್ನುತ್ತಾಳೆ. ಏನು ಮಾಡಲಿ?

ಉತ್ತರ: ಅವಳು ಮುಚ್ಚಿಡುತ್ತಿಲ್ಲ, ತಾಯಿ. ಇಡೀ ದಿನವನ್ನು ಒಂದು ಮಾತಿನಲ್ಲಿ ಹಿಡಿದುಕೊಡುವುದು ಆ ವಯಸ್ಸಿಗೆ ಕಷ್ಟ. ಒಂದನೇ ತರಗತಿಗೆ ಪಾಠ ಹೇಳುವಾಗ ಒಮ್ಮೆ ಹುಡುಗನೊಬ್ಬನ ಬೆರಳಿಗಂಟಿದ್ದ ನೀಲಿ ಬಣ್ಣ ತೋರಿಸಿ ‘ಇದು ಎಲ್ಲಿಂದ ಬಂತು?’ ಎಂದೆ. ಹಳದಿ ಬೆರೆತು ಹಸಿರಾದದ್ದು, ನೀರು ಹೆಚ್ಚಾಗಿ ಕಾಗದ ಹರಿದದ್ದು, ಎಲ್ಲವೂ ಹೊರಬಂತು. ನೀವೂ ಚೀಲದಿಂದ ಒಂದು ಹಾಳೆ ತೆಗೆದು ‘ಇದರಲ್ಲಿ ಯಾವುದು ಕಷ್ಟವಾಯಿತು? ಆಗ ಏನು ಮಾಡಿದೆ?’ ಎಂದು ಕೇಳಿ. ಬಂದ ಕೂಡಲೇ ಬೇಡ, ದಣಿವಾರಲಿ. ಆದರೆ ಅಂದೇ ಕೇಳಿ. ನೆನಪು ಮೊದಲ ಕೆಲವು ಗಂಟೆಗಳಲ್ಲೇ ಬೇಗ ಮಸುಕಾಗುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ತಪ್ಪು ಹೇಳಿದರೆ ತಿದ್ದಲು ಅವಸರಪಡಬೇಡಿ. ‘ನನಗೂ ಮಾಡಿ ತೋರಿಸು’ ಎನ್ನಿ.