ವಾಲ್ವ್‌ಗೆ ಮಸಿ ಕಟ್ಟದಂತೆ

ಪ್ರಶ್ನೆ: ನಮ್ಮ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಕಾರು ದಿನಕ್ಕೆ 4 ಕಿ.ಮೀ. ಮಾತ್ರ ಓಡುತ್ತದೆ. ಟ್ಯಾಂಕಿಗೆ ಕ್ಲೀನರ್ ಸುರಿದರೆ ಎಂಜಿನ್‌ನಲ್ಲಿ ಕಾರ್ಬನ್ ಕಟ್ಟುವುದು ತಪ್ಪುತ್ತದೆಯೇ? – ಓದುಗರು, ಮೈಸೂರು

ಉತ್ತರ: ಪೂರ್ತಿ ತಪ್ಪುವುದಿಲ್ಲ. ಹಳೆಯ ಮಾದರಿಯ ಎಂಜಿನ್‌ಗಳಲ್ಲಿ ಪೆಟ್ರೋಲು, ಸಿಲಿಂಡರಿಗೆ ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವ್‌ಗಳ ಮೇಲೆ ಬಿದ್ದು ಅವನ್ನು ತೊಳೆಯುತ್ತಿತ್ತು. ನಿಮ್ಮದರಲ್ಲಿ ಅದು ನೇರವಾಗಿ ಸಿಲಿಂಡರಿಗೇ ಹೋಗುವುದರಿಂದ, ಕ್ರ್ಯಾಂಕ್‌ಕೇಸ್‌ನಿಂದ (ಎಂಜಿನ್‌ನ ಕೆಳಭಾಗದ ಕೋಶ) ಗಾಳಿಯೊಡನೆ ಮರಳಿ ಬರುವ ಆಯಿಲ್ ಆವಿ ಬಿಸಿ ವಾಲ್ವ್‌ಗೆ ಅಂಟಿ, ಒಗ್ಗರಣೆ ಸೌಟಿನ ತಳದ ಜಿಡ್ಡಿನಂತೆ ಸುಟ್ಟು ಗಟ್ಟಿಯಾಗುತ್ತದೆ. ಕ್ಲೀನರ್ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರನ್ನು ಶುಚಿಮಾಡೀತೇ ಹೊರತು ಆ ವಾಲ್ವ್‌ಗಳನ್ನು ಮುಟ್ಟುವುದೇ ಇಲ್ಲ. ಕೈಪಿಡಿ ಹೇಳುವ ದರ್ಜೆಯ ಆಯಿಲನ್ನೇ ಬಳಸಿ, ಅವಧಿ ಮೀರದಂತೆ ಬದಲಿಸಿ; ವಾರಕ್ಕೊಮ್ಮೆ ಎಂಜಿನ್ ಚೆನ್ನಾಗಿ ಬಿಸಿಯಾಗುವಂತೆ ಶ್ರೀರಂಗಪಟ್ಟಣದವರೆಗಾದರೂ ಓಡಿಸಿ ಬನ್ನಿ. ಬೆಳಗಿನ ಸ್ಟಾರ್ಟ್‌ನಲ್ಲಿ ಎಂಜಿನ್ ನಡುಗತೊಡಗಿದರೆ ವಾಲ್ವ್‌ಗಳನ್ನು ಪರೀಕ್ಷಿಸಿಸಿ. ಮಸಿ ದಪ್ಪಗಿದ್ದರೆ ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆಗಳ ಜೋಡಣೆಯಾದ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ರಭಸದಿಂದ ಊದಿ ತೆಗೆಸಬೇಕಾಗುತ್ತದೆ.