ಸೀಟಿ ಜೇಬಿಗೆ ಸೇರಲಿ
ಜಯನಗರದ ಬ್ಯಾಡ್ಮಿಂಟನ್ ಕೋಚ್ ಅವರೇ, ಆಟಿಸಂ ಇರುವ ಹುಡುಗ ಸೀಟಿ ಊದಿದ ಕೂಡಲೇ ಕಿವಿ ಮುಚ್ಚಿ ಓಡ್ತಾನೆ, ಏನು ಮಾಡಲಿ ಅಂದಿದ್ದೀರಿ. ಮೊದಲು ಆ ಸೀಟಿ ಬಿಡಿ. ಒಳಾಂಗಣ ಕೋರ್ಟಿನಲ್ಲಿ ಸದ್ದು ಗೋಡೆಗೆ ಬಡಿದು ಇಮ್ಮಡಿಯಾಗುತ್ತೆ. ಅವನದು ಹಠವಲ್ಲ, ಸಂಕಟ. ಕೈ ಎತ್ತಿ ತೋರಿಸಿದರೆ ಸಾಕು.

ವಾರ್ಮಪ್, ಸರ್ವ್, ಆಟ, ನೀರು ಅಂತ ಚಿತ್ರದ ಚೀಟಿಗಳನ್ನು ಗೋಡೆಗೆ ಅಂಟಿಸಿ. ಒಂದೊಂದು ಮುಗಿದ ಹಾಗೆ ಅವನೇ ಕಿತ್ತು ಡಬ್ಬಿಗೆ ಹಾಕಲಿ. "ಸ್ವಲ್ಪ ಹೊತ್ತು ಆಡು" ಅನ್ನಬೇಡಿ, "ಹತ್ತು ಶಟಲ್ ಹೊಡಿ" ಅನ್ನಿ. ಗ್ರಿಪ್ ತಿದ್ದಲು ಕೈ ಮುಟ್ಟುವ ಮುಂಚೆ ಹೇಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಒತ್ತಾಯ ಬೇಡ. ಉಳಿದದ್ದಕ್ಕೆ ಅವನ ತಂದೆತಾಯಿಯನ್ನೇ ಕೇಳಿ.

ಸಹಾಯಕ ಕೋಚ್‌ಗೂ ಇದನ್ನೆಲ್ಲ ಕಲಿಸಿ, ಇಲ್ಲದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅಂದಹಾಗೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಇದೆ. "ನಮ್ಮಲ್ಲಿ ಆಗಲ್ಲ" ಅನ್ನುವ ಕ್ಲಬ್ಬಿನವರಿಗೆ ತೋರಿಸಿ.