ರೆಕಾರ್ಡಿಂಗ್ ವಿಮರ್ಶೆ: ಗಡಿಯಾರ ನೋಡಿ ತೀರ್ಪು ಬೇಡ

ಪ್ರಶ್ನೆ: ಬೀತೋವನ್ ಐದನೇ ಸಿಂಫನಿಯ ಎರಡು ರೆಕಾರ್ಡಿಂಗ್‌ಗಳನ್ನು ಹೋಲಿಸಿ ಬರೆಯುತ್ತಿದ್ದೇನೆ. ಮೊದಲ ಭಾಗ ಒಂದರಲ್ಲಿ ಏಳೂಕಾಲು ನಿಮಿಷ, ಇನ್ನೊಂದರಲ್ಲಿ ಆರು. ಎರಡನೆಯದು ಚುರುಕಾದ ನುಡಿಸಾಣಿಕೆ ಎನ್ನಬಹುದೇ?

ಉತ್ತರ: ಈಗಲೇ ಹಾಗೆ ಬರೆಯಬೇಡಿ. ಮೊದಲ 124 ಬಾರ್‌ಗಳನ್ನು (ತಾಳದ ಆವರ್ತದಂತೆ ಸಂಗೀತವನ್ನು ಅಳೆಯುವ ಸಣ್ಣ ಖಂಡಗಳು) ಎರಡು ಸಲ ನುಡಿಸಬೇಕೆಂದು ಸ್ವರಲಿಪಿಯಲ್ಲಿದೆ. ಕೆಲವರು ಎರಡನೇ ಸಲದ್ದನ್ನು ಬಿಟ್ಟುಬಿಡುತ್ತಾರೆ. ಬೀತೋವನ್ ಕೊಟ್ಟ ಗತಿ ನಿಮಿಷಕ್ಕೆ 108 ಬಾರ್. ಆ ಲೆಕ್ಕದಲ್ಲೇ ಮರುನುಡಿಕೆಗೆ ಸುಮಾರು 70 ಸೆಕೆಂಡ್ ಬೇಕು, ನಡುವಿನ ನಿಲುಗಡೆಗಳು ಸೇರಿದರೆ ಇನ್ನೂ ಹೆಚ್ಚು. ನಿಮಗೆ ಕಂಡ ವ್ಯತ್ಯಾಸ ಬಹುಶಃ ಅಷ್ಟೇ.

ವೇಗ ಅಳೆಯಲು ಒಂದೇ ತುಣುಕನ್ನು ಹಿಡಿಯಿರಿ. 59ನೇ ಬಾರ್‌ನಲ್ಲಿ ಹಾರ್ನ್‌ಗಳ (ಕೊಂಬಿನಂಥ ಹಿತ್ತಾಳೆ ವಾದ್ಯ) ಕೂಗು ಕೇಳುತ್ತದೆ. ಅದು ಮುಗಿದ ಮೇಲೆ, 63ರಿಂದ 124ರವರೆಗೆ ಎಲ್ಲೂ ನಿಲುಗಡೆಯಿಲ್ಲ. 108ರ ಗತಿಯಲ್ಲಿ ಇದಕ್ಕೆ 34 ಸೆಕೆಂಡ್. 40 ಆದರೆ ಗತಿ 93ಕ್ಕೆ ಇಳಿದಿದೆ ಎಂದರ್ಥ.

ಅದೇ ಕೂಗು 303ನೇ ಬಾರ್‌ನಲ್ಲಿ ಮರಳಿ ಬಂದಾಗ ಕಿವಿ ತೆರೆದಿಡಿ. ಬೀತೋವನ್ ಇಲ್ಲಿ ಅದನ್ನು ಬಸೂನ್‌ಗಳಿಗೆ (ಮಂದ್ರ ಸ್ವರದ ಮರದ ಊದುವಾದ್ಯ) ಕೊಟ್ಟಿದ್ದಾನೆ, ಏಕೆಂದರೆ ಕವಾಟಗಳಿಲ್ಲದ ಅಂದಿನ ಇ-ಫ್ಲಾಟ್ ಹಾರ್ನ್‌ನಲ್ಲಿ ಆ ಸ್ವರಗಳು ಸರಿಯಾಗಿ ಹೊರಡುತ್ತಿರಲಿಲ್ಲ. ವಾದ್ಯವೃಂದ ನಡೆಸುವ ಅನೇಕ ಕಂಡಕ್ಟರ್‌ಗಳು ಅದನ್ನು ಹಾರ್ನ್‌ಗಳಿಂದಲೇ ನುಡಿಸುತ್ತಾರೆ. ನಿಮ್ಮ ಎರಡರಲ್ಲಿ ಯಾರು ಏನು ಮಾಡಿದ್ದಾರೆಂದು ವಿಮರ್ಶೆಯಲ್ಲಿ ಹೇಳಲೇಬೇಕು. ನುಡಿಸಾಣಿಕೆಯ ಬಣ್ಣವೇ ಅಲ್ಲಿ ಬದಲಾಗುತ್ತದೆ.

ಇದಕ್ಕೆಲ್ಲ ಮೊದಲು ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತನ್ನಿ. ಒಂದು ಡೆಸಿಬೆಲ್ ಹೆಚ್ಚಿದ್ದರೂ ಜೋರಿನದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ.

ಪ್ರಶ್ನೆ: ಮೈಸೂರು ಮಹಾರಾಜರ ನೆರವಿನಿಂದ ಆದ, ರಷ್ಯನ್ ಸಂಗೀತ ರಚನಕಾರ ಮೆಟ್ನರ್‌ನ ಪಿಯಾನೋ ಕಾನ್ಸರ್ಟೋ (ಪಿಯಾನೋ ಮತ್ತು ವಾದ್ಯವೃಂದದ ಕೃತಿ) ರೆಕಾರ್ಡಿಂಗ್‌ನಲ್ಲಿ ಬರೀ ಸರಸರ ಸದ್ದು. ಇದನ್ನು ವಿಮರ್ಶಿಸುವುದು ಹೇಗೆ?

ಉತ್ತರ: ಜಯಚಾಮರಾಜ ಒಡೆಯರ್ ನೆರವಿನಿಂದ 1947ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದದ ಜೊತೆ ಮೆಟ್ನರ್ ತಾನೇ ಪಿಯಾನೋ ನುಡಿಸಿದ ದಾಖಲೆಗಳಿವು. ಮೂರನೇ ಕಾನ್ಸರ್ಟೋವನ್ನು ಮಹಾರಾಜರಿಗೇ ಅರ್ಪಿಸಿದ್ದಾನೆ. ಮೂಲ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆ. ಒಂದು ಬದಿಗೆ ನಾಲ್ಕರಿಂದ ನಾಲ್ಕೂವರೆ ನಿಮಿಷವಷ್ಟೇ. ಹಾಗಾಗಿ ಸಂಗೀತವನ್ನೂ, ನಂತರ ಬೇರೆಯವರು ತಟ್ಟೆಯಿಂದ ಹೊಸ ಮಾಧ್ಯಮಕ್ಕೆ ಮಾಡಿದ ವರ್ಗಾವಣೆಯನ್ನೂ ಬೇರೆಬೇರೆಯಾಗಿ ತೂಗಿ.

ತಟ್ಟೆಯ ಒಂದು ಬದಿ ಮುಗಿದು ಮುಂದಿನದನ್ನು ಜೋಡಿಸಿದ ಬೆಸುಗೆಯಲ್ಲಿ ಹಿನ್ನೆಲೆಯ ಸದ್ದು ಥಟ್ಟನೆ ಬದಲಾಗುತ್ತದೆಯೇ ಕೇಳಿ. ಟ್ಯೂನರ್ (ಶ್ರುತಿ ಅಳೆಯುವ ಸಾಧನ) ಹಿಡಿದು ಪಿಯಾನೋ ಶ್ರುತಿ ನೋಡಿ: ತಟ್ಟೆ ಶೇ. 6ರಷ್ಟು ವೇಗವಾಗಿ ತಿರುಗಿದ್ದರೆ ಎಲ್ಲವೂ ಅರ್ಧ ಸ್ವರ ಮೇಲಕ್ಕೇರಿರುತ್ತದೆ, ಮೆಟ್ನರ್‌ನ ಗತಿಯೂ ಸುಳ್ಳಾಗುತ್ತದೆ. ಸರಸರ ಪೂರ್ತಿ ಮಾಯವಾದ ಆವೃತ್ತಿಯನ್ನು ನಾವಂತೂ ಅನುಮಾನದಿಂದಲೇ ನೋಡುತ್ತೇವೆ. ಅದರೊಂದಿಗೆ ಪಿಯಾನೋದ ಮೇಲಿನ ಸ್ವರಗಳ ಹೊಳಪೂ ಸೋಸಿಹೋಗಿ, ತಂತಿಗೆ ಬಟ್ಟೆ ಸುತ್ತಿದಂತೆ ಕೇಳುತ್ತದೆ.